ಪಕ್ಕದ ಮನೆಯ ಬೀರು, ನಾಲ್ಕು ಗಿಡ, ಒಂದು ಬಾಟಲಿ ನುಸಿ

ಗ್ವೆಲ್ಫ್, ಒಂಟಾರಿಯೊ
2025 ಫೆಬ್ರವರಿ 16, ಭಾನುವಾರ

ನಿನ್ನೆಯಿಂದ ಹಿಮ ಸುರಿಯುತ್ತಿದೆ. ಪುಣ್ಯಕ್ಕೆ ಪಾರ್ಸೆಲ್ ಶುಕ್ರವಾರವೇ ಬಂತು. ಒಳಗಿದ್ದದ್ದು ಒಂದು ಪ್ಲಾಸ್ಟಿಕ್ ಬಾಟಲಿ. ಬಾಟಲಿಯಲ್ಲಿ ವರ್ಮಿಕ್ಯುಲೈಟ್ ಅನ್ನುವ ಹಗುರ ಖನಿಜದ ಹರಳು, ಹರಳಿನ ನಡುವೆ ಜೀವಂತ ನುಸಿ. ಒಂದು ರಾತ್ರಿ ಬಾಗಿಲ ಹೊರಗೆ ಬಿದ್ದಿದ್ದರೆ ಅಷ್ಟೂ ಸತ್ತುಹೋಗುತ್ತಿದ್ದವು. ದುಡ್ಡು ಕೊಟ್ಟು ನುಸಿ ತರಿಸಿಕೊಂಡರು ಅಂದರೆ ನಮ್ಮೂರಲ್ಲಿ ತಲೆ ಕೆಟ್ಟಿದೆಯಾ ಅಂತಾರೆ. ಆದರೆ ಇವು ಬೇರೆ ನುಸಿಯನ್ನು ತಿನ್ನುವ ನುಸಿಗಳು.

ಬಾಟಲಿ ನನ್ನದಲ್ಲ, ಪಕ್ಕದ ಮನೆಯ ಅಜ್ಜನದು. ಲೇತ್ ಮೇಲೆ ಕೆಲಸ ಮಾಡಿ ನಿವೃತ್ತಿಯಾದವರು. ನೆಲಮಾಳಿಗೆಯಲ್ಲಿ ಒಂದು ಹಳೇ ಮರದ ಬೀರು ಇಟ್ಟು ಅದರೊಳಗೆ ನಾಲ್ಕು ಗಾಂಜಾ ಗಿಡ ಬೆಳೆಸುತ್ತಾರೆ. ಮಂಡಿ ನೋವಿಗೆ ಅಂತಾರೆ. ನಿಜವೋ ನೆಪವೋ, ನಾನು ಕೇಳಲು ಹೋಗಿಲ್ಲ. ನಾನು ಸೇದುವುದಿಲ್ಲ. ನನ್ನ ಕರಿಬೇವಿನ ಗಿಡಕ್ಕೆ ಚಳಿಗಾಲ ಪೂರ್ತಿ ಅವರ ದೀಪದ ಕೆಳಗೆ ಜಾಗ ಸಿಗುತ್ತೆ, ಅದಕ್ಕೆ ಬದಲಾಗಿ ನಾನು ಹುಳುಹುಪ್ಪಟೆ ನೋಡಿಕೊಳ್ಳುತ್ತೇನೆ. ಇದು ನಮ್ಮಿಬ್ಬರ ಒಪ್ಪಂದ.

ಊರಿನ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಇದು ಕಾನೂನುಬದ್ಧ. ಒಂದು ಮನೆಗೆ ನಾಲ್ಕು ಗಿಡ. ತಲೆಗೆ ನಾಲ್ಕಲ್ಲ, ಮನೆಯಲ್ಲಿ ಐದು ಜನ ದೊಡ್ಡವರಿದ್ದರೂ ನಾಲ್ಕೇ. ಒಂಟಾರಿಯೊದಲ್ಲಿ 19 ವರ್ಷ ತುಂಬಿರಬೇಕು. ಕ್ವಿಬೆಕ್‌ನಲ್ಲಿ ಮನೆಯಲ್ಲಿ ಬೆಳೆಯುವಂತಿಲ್ಲ, ಆ ನಿಷೇಧವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಇನ್ನು ನಮ್ಮಲ್ಲಿ? ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ. ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ಕಬ್ಬಿನ ಗದ್ದೆ ನಡುವೆ ಗಾಂಜಾ ಸಿಕ್ಕಿತು ಅಂತ ಪೇಪರಲ್ಲಿ ಓದುತ್ತಲೇ ಇರುತ್ತೀರಿ, ಅಲ್ವಾ? ಹಾಗಾಗಿ ಇದನ್ನೆಲ್ಲ ಅಲ್ಲಿ ಮಾಡಿ ನೋಡೋಣ ಅಂತ ಯಾರೂ ಹೊರಡಬೇಡಿ. ಹುಳದ ವಿಷಯ ಮಾತ್ರ ಟೊಮೆಟೊ, ಮೆಣಸಿನಕಾಯಿ, ಗುಲಾಬಿಗೂ ಆಗುತ್ತೆ.

ನನಗೆ ಈ ಕೆಲಸ ಹಿಡಿಸಲು ಕಾರಣ ಬೇರೆ. ನಮ್ಮದು ಕನಕಪುರದ ಕಡೆ ರೇಷ್ಮೆ ಮನೆತನ. ಹಿಪ್ಪುನೇರಳೆ ತೋಟಕ್ಕೆ ಮನಸ್ಸಿಗೆ ಬಂದಂತೆ ಔಷಧ ಹೊಡೆಯಲು ಆಗಲ್ಲ. ಸೊಪ್ಪಿನಲ್ಲಿ ಒಂಚೂರು ವಿಷ ಉಳಿದರೂ ಹುಳು ತಿಂದು ಸಾಯುತ್ತೆ, ಆ ಬೆಳೆ ಅಲ್ಲಿಗೆ ಮುಗಿಯಿತು. ಪಕ್ಕದ ಹೊಲದವರು ಟೊಮೆಟೊಗೆ ಹೊಡೆದ ಔಷಧ ಗಾಳಿಯಲ್ಲಿ ತೇಲಿ ಬಂದರೂ ಕಷ್ಟ. ಗಾಂಜಾದ್ದೂ ಅದೇ ಕಥೆ. ಹಣ್ಣು, ತರಕಾರಿಯನ್ನಾದರೆ ತೊಳೆದು ತಿನ್ನಬಹುದು. ಈ ಹೂವನ್ನು ಯಾರೂ ತೊಳೆಯಲ್ಲ, ಸುಟ್ಟು ಹೊಗೆ ಎಳೆಯುತ್ತಾರೆ. ದ್ರಾಕ್ಷಿಯ ಬೂದಿರೋಗಕ್ಕೆ ಹೊಡೆಯುವ ಮೈಕ್ಲೋಬ್ಯುಟಾನಿಲ್ ಗೊತ್ತಲ್ಲ, ಅದನ್ನು ಸುಟ್ಟರೆ ಹೈಡ್ರೋಜನ್ ಸಯನೈಡ್ ಹುಟ್ಟುತ್ತೆ. 2016ರ ಕೊನೆಗೆ ಇಲ್ಲಿ ಲೈಸೆನ್ಸ್ ಇದ್ದ ಬೆಳೆಗಾರರ ಮಾಲಿನಲ್ಲೇ ಅದು ಸಿಕ್ಕಿ, ಮಾರಿದ್ದನ್ನೆಲ್ಲ ವಾಪಸ್ ತರಿಸಿಕೊಳ್ಳಬೇಕಾಯಿತು. ಮನೆಯಲ್ಲಿ ಬೆಳೆಯುವವರ ಮಾಲನ್ನು ಲ್ಯಾಬಿನಲ್ಲಿ ನೋಡುವವರು ಯಾರೂ ಇಲ್ಲ. ಏನು ಹೊಡೆದಿರಿ ಅನ್ನುವುದು ನಿಮಗೂ ನಿಮ್ಮ ಶ್ವಾಸಕೋಶಕ್ಕೂ ಬಿಟ್ಟದ್ದು.

ಈಗ ಬೀರು. ಅಜ್ಜ ಇದನ್ನು ಅಂಗಡಿಯಿಂದ ತಂದ ಟೆಂಟ್‌ಗಿಂತ ಹೆಮ್ಮೆಯಿಂದ ತೋರಿಸುತ್ತಾರೆ, ಅದು ಸರಿ ಕೂಡ. ಒಳಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದಿದ್ದಾರೆ. ಅಲ್ಯೂಮಿನಿಯಂ ಹಾಳೆ ಅಂಟಿಸುವವರಿದ್ದಾರೆ, ಆದರೆ ಅದು ಸುಕ್ಕಾಗುತ್ತೆ, ಬೆಳಕು ಅಡ್ಡಾದಿಡ್ಡಿ ಹೊಡೆಯುತ್ತೆ. ಬಿಳಿ ಬಣ್ಣವಾದರೆ ಬೆಳಕು ಒಂದೇ ಸಮ ಹರಡುತ್ತೆ. ಮೇಲೆ ಎಲ್‌ಇಡಿ. ಪಕ್ಕದಲ್ಲಿ ವಾಸನೆ ಹೀರುವ ಫಿಲ್ಟರ್, ಅದೂ ಕೈಯಲ್ಲೇ ಮಾಡಿದ್ದು: ಒಂದರೊಳಗೆ ಒಂದು ಎರಡು ತಂತಿ ಬುಟ್ಟಿ, ನಡುವೆ ಮೀನಿನ ತೊಟ್ಟಿ ಅಂಗಡಿಯ ಇದ್ದಿಲ ಹರಳು, ಹೊರಗೆ ದಿಂಬಿನ ಹತ್ತಿ ಸುತ್ತು. ಡಕ್ಟ್ ಫ್ಯಾನ್ ಬೀರಿನ ಗಾಳಿಯನ್ನು ಇದ್ದಿಲಿನ ಮೂಲಕ ಎಳೆದು ಹೊರಗೆ ಬಿಡುತ್ತೆ. ಒಳಗೆ ಗಾಳಿಯ ಒತ್ತಡ ಸದಾ ಸ್ವಲ್ಪ ಕಮ್ಮಿ ಇರುವುದರಿಂದ ಬಾಗಿಲ ಸಂದಿಯಿಂದ ಗಾಳಿ ಒಳಕ್ಕೆ ಹೋಗುತ್ತೇ ಹೊರತು ವಾಸನೆ ಹೊರಕ್ಕೆ ಬರಲ್ಲ. ಗಾಳಿ ಬರುವ ತೂತಿಗೆ ಅವರ ಹೆಂಡತಿಯ ಹಳೇ ನೈಲಾನ್ ಕಾಲುಚೀಲ ಎಳೆದು ಕಟ್ಟಿದ್ದಾರೆ. ನಮ್ಮ ರೇಷ್ಮೆ ಹುಳುಮನೆ ಕಿಟಕಿಗೆ, ಹುಳುವಿನ ಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಊಜಿ ನೊಣ ಬರದಂತೆ ಹೊಡೆಯುತ್ತಿದ್ದ ನೈಲಾನ್ ಪರದೆಯೇ ನೆನಪಾಯಿತು.

ಕುಂಡಗಳು ನನ್ನ ಕೊಡುಗೆ. ಸೋನಾ ಮಸೂರಿ ಅಕ್ಕಿ ಚೀಲ! ಹೆಣೆದ ಚೀಲವಾದ್ದರಿಂದ ಪಕ್ಕದಿಂದಲೂ ಗಾಳಿ ಆಡುತ್ತೆ, ನೀರು ನಿಲ್ಲಲ್ಲ, ಬೇರು ಗೋಡೆ ತಲುಪಿ ಸುತ್ತಿಕೊಳ್ಳುವ ಬದಲು ಅಲ್ಲೇ ಒಣಗಿ ಕವಲೊಡೆಯುತ್ತೆ. ಅಂಗಡಿಯಲ್ಲಿ ಇದನ್ನೇ ಬಟ್ಟೆ ಕುಂಡ ಅಂತ ಡಾಲರ್ ಕೊಟ್ಟು ಕೊಳ್ಳುತ್ತಾರೆ.

ಗಿಡ ಹಾಳುಮಾಡುವ ನುಸಿ ಬಂದದ್ದು ಅಜ್ಜನ ಸ್ನೇಹಿತರು ಕೊಟ್ಟ ಒಂದು ಕಡ್ಡಿ ಸಸಿಯ ಜೊತೆ. ಶುರುವಿನಲ್ಲಿ ಎಲೆ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕಿ. ಅಜ್ಜ ಗೊಬ್ಬರ ಕಮ್ಮಿ ಅಂದರು. ನಾನು ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಎಲೆ ಕೊಡವಿದೆ. ಧೂಳಿನ ಕಣದಂಥವು ಬಿದ್ದವು. ಸುಮ್ನೆ ನೋಡುತ್ತಾ ನಿಂತರೆ ಕೆಲವು ಕಣ ನಡೆಯಲು ಶುರು ಮಾಡಿದವು. ಬೆರಳಲ್ಲಿ ಉಜ್ಜಿದರೆ ಹಸಿರು ಗೀರು. ಎಲೆ ತಿರುಗಿಸಿ ಅಕ್ಕಸಾಲಿಗರ ಭೂತಗನ್ನಡಿ ಇಟ್ಟರೆ ಪೂರ್ತಿ ಊರೇ ಇತ್ತು. ಬೆನ್ನಿನ ಎರಡೂ ಕಡೆ ಒಂದೊಂದು ಕಪ್ಪು ಮಚ್ಚೆಯ ಜೇಡ ನುಸಿ, ಪಕ್ಕದಲ್ಲಿ ಮುತ್ತಿನಂಥ ದುಂಡನೆ ಮೊಟ್ಟೆ, ನರದ ಮೂಲೆಯಲ್ಲಿ ತೆಳ್ಳಗೆ ಬಲೆ. ನನ್ನ ಕರಿಬೇವಿನಲ್ಲೂ ಇದ್ದವು.

ಇದಕ್ಕೆ ಇಲ್ಲಿನ ಚಳಿಗಾಲದ ಮನೆಗಿಂತ ಒಳ್ಳೆ ಜಾಗ ಇಲ್ಲ. ಮನೆ ಬಿಸಿ ಮಾಡುವ ಫರ್ನೇಸ್ ಉರಿದು ಗಾಳಿ ಒಣಗಿ ಹಪ್ಪಳ ಆಗಿರುತ್ತೆ, ಬೀರಿನೊಳಗೆ ದೀಪದ ಬಿಸಿ ಬೇರೆ. 27–30 ಡಿಗ್ರಿ ಸಿಕ್ಕರೆ ಮೊಟ್ಟೆ ದೊಡ್ಡದಾಗಿ ತಾನೇ ಮೊಟ್ಟೆ ಇಡಲು ಒಂದು ವಾರ, ಸ್ವಲ್ಪ ಜಾಸ್ತಿ ಅಷ್ಟೇ. ಔಷಧ ಹೊಡೆದರೂ ಉಳಿದ ನಾಲ್ಕೈದು ಸಾಕು.

ಬೇವಿನೆಣ್ಣೆ ಹೊಡಿಯೋಣ ಅಂತ ನೀವು ಹೇಳುತ್ತೀರಿ, ಗೊತ್ತು. ಊರಲ್ಲಾದರೆ ಬೇವಿನ ಬೀಜದ ಕಷಾಯ: ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿ ನೆನೆಹಾಕಿ ಸೋಸಿದರೆ ಆಯಿತು. ಇಲ್ಲಿ ತಮಾಷೆ ನೋಡಿ. ಕೆನಡಾದಲ್ಲಿ ಬೇವಿನೆಣ್ಣೆಯನ್ನು ಕೀಟನಾಶಕ ಅಂತ ಮಾರುವ ಹಾಗಿಲ್ಲ, ಹಾಗೆ ನೋಂದಣಿಯೇ ಆಗಿಲ್ಲ. ಎಲೆಗೆ ಹೊಳಪು ಕೊಡುವ ಎಣ್ಣೆ ಅಂತ ಲೇಬಲ್ ಹಚ್ಚಿ ಮಾರುತ್ತಾರೆ. ಅದೇ ಬೇವಿನ ಬೀಜದ ಅಜಾಡಿರಾಕ್ಟಿನ್ ಅನ್ನುವ ಅಂಶದಿಂದ ಮಾಡಿದ ಚುಚ್ಚುಮದ್ದಿಗೆ ಮಾತ್ರ ಪರವಾನಗಿ ಇದೆ. ಟೊರಾಂಟೊ, ಓಕ್‌ವಿಲ್ ಊರುಗಳ ಆಶ್ ಮರಗಳನ್ನು ಪಚ್ಚೆ ಬಣ್ಣದ ದುಂಬಿಯಿಂದ ಉಳಿಸಲು ಕಾಂಡಕ್ಕೆ ಚುಚ್ಚುವುದು ಅದನ್ನೇ. ನಮ್ಮ ಹಿತ್ತಲಿನ ಬೇವಿಗೆ ಇಲ್ಲಿ ಬೀದಿ ಮರಕ್ಕೆ ಇಂಜೆಕ್ಷನ್ ಕೊಡುವ ಕೆಲಸ ಸಿಕ್ಕಿದೆ, ಅಡುಗೆಮನೆ ಕಿಟಕಿಯ ಮೆಣಸಿನ ಗಿಡಕ್ಕೆ ಎಲೆ ಒರೆಸುವ ಕೆಲಸ! ಹೂವು ಬರುವ ಗಿಡಕ್ಕಂತೂ ಎಣ್ಣೆ ಹೊಡೆಯಲು ನನಗೆ ಮನಸ್ಸಿಲ್ಲ. ಅಂಟು ಅಂಟಾದ ಹೂವಿನೊಳಗೆ ಸೇರಿದ್ದು ಹೊರಗೆ ಬರಲ್ಲ.

ಗುಲಗಂಜಿ ಹುಳು (ಲೇಡಿಬಗ್) ಬಿಡೋಣ ಅಂತ ಅಜ್ಜ. ಚೀಲಗಟ್ಟಲೆ ಸಿಗುತ್ತೆ, ನಿಜ. ಆದರೆ ಅವು ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಚಳಿಗಾಲಕ್ಕೆ ಗುಂಪಾಗಿ ಮಲಗಿದ್ದನ್ನು ಬಾಚಿ ತಂದವು. ಬಿಟ್ಟ ತಕ್ಷಣ ಹಾರಿ ಹೋಗುತ್ತವೆ. ಅವರ ಹೆಂಡತಿಯ ಪರದೆ ಮೇಲೆಲ್ಲ ಹುಳು ಕೂತರೆ ಬೀರೂ ಹೋಗುತ್ತೆ, ಒಪ್ಪಂದವೂ ಹೋಗುತ್ತೆ.

ಹಾಗಾಗಿ ಕೊನೆಗೆ ಬಂದದ್ದು ಫೈಟೋಸಿಯುಲಸ್ ಪರ್ಸಿಮಿಲಿಸ್. ಚಿಲಿಯಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಜೊತೆ 1958ರ ಹೊತ್ತಿಗೆ ತಾನಾಗಿ ಬಂದಿಳಿದ ನುಸಿ. ಜೇಡ ನುಸಿ ಬಿಟ್ಟರೆ ಇನ್ನೇನೂ ತಿನ್ನಲ್ಲ. ದಿನಕ್ಕೆ ಐದು ದೊಡ್ಡ ನುಸಿ ಅಥವಾ ಇಪ್ಪತ್ತು ಮೊಟ್ಟೆ ಹೀರುತ್ತೆ. ಮುಗಿದ ಮೇಲೆ ಹಸಿವಿನಿಂದ ತಾನೂ ಸಾಯುತ್ತೆ, ಮನೆ ತುಂಬಿಕೊಳ್ಳುವ ಭಯ ಇಲ್ಲ. ಒಂದೇ ತಕರಾರು, ಇದಕ್ಕೆ ಗಾಳಿಯಲ್ಲಿ ಶೇಕಡ 60ಕ್ಕಿಂತ ಜಾಸ್ತಿ ತೇವ ಬೇಕು. ಒಣಗಾಳಿಯಲ್ಲಿ ಮೊಟ್ಟೆ ಒಡೆಯಲ್ಲ. ಅಜ್ಜನ ನೆಲಮಾಳಿಗೆಯಲ್ಲಿ ತೇವಮಾಪಕದ ಮುಳ್ಳು 25ರ ಹತ್ತಿರ!

ಮೊದಲು ಆ ಮುಳ್ಳು ನಿಜ ಹೇಳುತ್ತಿದೆಯಾ ನೋಡಬೇಕಿತ್ತು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಒದ್ದೆ ಆಗುವಷ್ಟು ಮಾತ್ರ ನೀರು, ಕರಗಿಹೋಗಬಾರದು. ಅದನ್ನೂ ತೇವಮಾಪಕವನ್ನೂ ಒಂದು ಜಿಪ್ ಕವರಿನಲ್ಲಿ ಹಾಕಿ ರಾತ್ರಿ ಇಟ್ಟರೆ ಬೆಳಿಗ್ಗೆ 75 ತೋರಿಸಬೇಕು. ನಮ್ಮದು 70 ತೋರಿಸಿತು. ಅಂದರೆ ಐದು ಕೂಡಿಸಿ ಓದಬೇಕು. ಆಮೇಲೆ ನಮ್ಮಜ್ಜಿ ಹುಳುಮನೆಯಲ್ಲಿ ಬೇಸಿಗೆಗೆ ಮಾಡುತ್ತಿದ್ದದ್ದೇ: ಒದ್ದೆ ಗೋಣಿ. ಇಲ್ಲಿ ಬಾಸ್ಮತಿ ಅಕ್ಕಿ ಗೋಣಿ ಚೀಲದಲ್ಲಿ ಬರುತ್ತೆ. ಎರಡು ಚೀಲ ಬಿಚ್ಚಿ ಒದ್ದೆ ಮಾಡಿ ಬೀರಿನ ಪಕ್ಕಕ್ಕೆ ತೂಗುಹಾಕಿ, ತುದಿಯನ್ನು ನೀರಿನ ಬಕೆಟ್‌ನಲ್ಲಿ ಬಿಟ್ಟು, ಹಳೇ ಕಂಪ್ಯೂಟರ್ ಫ್ಯಾನ್ ತಿರುಗಿಸಿದೆವು. ಹೊರಗೆ ಎಳೆಯುವ ಫ್ಯಾನಿನ ವೇಗ ತಗ್ಗಿಸಿದೆವು. ಕೂಡಿಸಿ ಓದಿದರೆ 65. ಅಜ್ಜ ಮುಳ್ಳು ನೋಡಿ ಶಿಳ್ಳೆ ಹೊಡೆದರು.

ಪಾರ್ಸೆಲ್ ಬರುವ ಮೊದಲು ಗಿಡಗಳನ್ನು ಸ್ನಾನದ ತೊಟ್ಟಿಗೆ ಒಯ್ದು ಎಲೆಯ ಅಡಿಗೆ ಶವರ್ ಹಿಡಿದು, ಕೀಟಕ್ಕೆಂದೇ ಮಾರುವ ಸೋಪಿನ ನೀರು ಹೊಡೆದು, ಮತ್ತೆ ತೊಳೆದೆವು. ಸೋಪು ಒದ್ದೆ ಇದ್ದಾಗ ಮಾತ್ರ ಕೊಲ್ಲುತ್ತೆ, ಒಣಗಿದ ಮೇಲೆ ಬಿಟ್ಟ ನುಸಿಗೆ ಏನೂ ಮಾಡಲ್ಲ. ಇನ್ನೂ ಹೂವಿಗೆ ಬಿಟ್ಟಿಲ್ಲ, ದೀಪ 18 ಗಂಟೆ ಉರಿಯುತ್ತಿದೆ, ಹಾಗಾಗಿ ಇದು ಸರಿಯಾದ ಸಮಯ. ಹೂವಿನ ಮೇಲೆ ಅಂಟುಕೂದಲು ಬಂದ ಮೇಲೆ ಈ ಬೇಟೆ ನುಸಿಗೇ ಕಾಲು ಕೀಳಲು ಆಗಲ್ಲ.

ಶುಕ್ರವಾರ ರಾತ್ರಿ ಬಾಟಲಿಯನ್ನು ಅಡ್ಡ ಹಿಡಿದು ಮೆಲ್ಲಗೆ ಉರುಳಿಸಿ, ಎಲೆಗಳ ಮೇಲೆ ಉಪ್ಪು ಉದುರಿಸುವ ಹಾಗೆ ಉದುರಿಸಿದೆವು. ಕರಿಬೇವಿಗೂ ಒಂದು ಪಾಲು. ಇವತ್ತು ಕನ್ನಡಿ ಇಟ್ಟು ನೋಡಿದೆ. ಕಿತ್ತಳೆ ಬಣ್ಣದ, ಹನಿ ಆಕಾರದ ಒಂದು ನುಸಿ ಎಲೆ ನರದ ಗುಂಟ ಓಡುತ್ತಿತ್ತು. ಜೇಡ ನುಸಿಗಳು ಕೂತಲ್ಲೇ ಕೂತಿದ್ದವು. ಇದು ಒಂದರ ಮೊಟ್ಟೆಯನ್ನು ಮುಂಗಾಲಿನಿಂದ ಹಿಡಿದು ನಿಂತಿತು. ನೋಡನೋಡುತ್ತಾ ಆ ಮುತ್ತು ಸುಕ್ಕಾಗಿ ಸಿಪ್ಪೆ ಉಳಿಯಿತು.

ಸಂಜೆ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ.

"ಏನ್ಲಾ ಅದು, ಗಾಂಜಾ ಸೊಪ್ಪಲ್ವಾ? ಪೊಲೀಸ್ನೋರು ಬರಲ್ವಾ?"

"ಇಲ್ಲಿ ಬರಲ್ಲಪ್ಪ. ನಾಲ್ಕು ಗಿಡ ಇಟ್ಕೋಬೌದು. ನಂದಲ್ಲ, ಪಕ್ಕದ ಮನೆಯವರ್ದು."

"ಎಲ್ಲಾ ಕಳ್ರೂ ಅಂಗೇ ಅನ್ನೋದು." ಅಮ್ಮ ಹಿಂದಿನಿಂದ ನಕ್ಕರು.

ನುಸಿ ವಿಷಯ ಹೇಳಿದ ಮೇಲೆ ಅಪ್ಪ ಹತ್ತಿರಕ್ಕೆ ಬಂದು ಕೂತರು. ತೋಟದಲ್ಲಿ ಹಿಟ್ಟು ತಿಗಣೆ ಹತ್ತಿ ಹಿಪ್ಪುನೇರಳೆ ಕುಡಿಗಳೆಲ್ಲ ಮುದುಡಿದ ವರ್ಷ ಅವರು ಹೀಗೇ ಹುಳು ತಂದು ಬಿಟ್ಟಿದ್ದರು. ಕ್ರಿಪ್ಟೋಲೀಮಸ್ ಅನ್ನುವ ದುಂಬಿ. ಅದರ ಮರಿ ಥೇಟ್ ಹಿಟ್ಟು ತಿಗಣೆಯ ಹಾಗೆ ಬೆಳ್ಳಗೆ, ಮೈಮೇಲೆ ಮೇಣದ ಎಳೆ ಎಳೆ. ಕೂಲಿಯವರು ರೋಗದ ಹುಳು ಅಂತ ಹೊಸಕಿ ಹಾಕುತ್ತಿದ್ದರು. ಅಪ್ಪ ಸಾಲಿನ ತುದಿಯಲ್ಲಿ ನಿಂತು "ಬೆಳ್ಳಗಿರೋದ್ರಲ್ಲಿ ಓಡೋದನ್ನ ಬಿಡ್ರೋ, ಕೂತಿರೋದನ್ನ ಕೊಲ್ರೋ" ಅಂತ ಕೂಗುತ್ತಿದ್ದರಂತೆ. ಜೇಡ ನುಸಿ, ಬೇಟೆ ನುಸಿ ಗುರುತಿಸಲೂ ಅಜ್ಜನಿಗೆ ನಾನು ಇದನ್ನೇ ಹೇಳಿಕೊಟ್ಟಿದ್ದೇನೆ. ಸದ್ಯಕ್ಕೆ ಕೊಲ್ಲುವುದು ಮಾತ್ರ ಬೇಡ ಅಂದಿದ್ದೇನೆ.

2025 ಮಾರ್ಚ್ 2, ಭಾನುವಾರ

ಹೊಸ ಎಲೆಗಳಲ್ಲಿ ಚುಕ್ಕಿ ಇಲ್ಲ. ಹಳೇ ಎಲೆಗಳ ಗಾಯ ಹಾಗೇ ಇರುತ್ತೆ, ಅದು ವಾಸಿಯಾಗಲ್ಲ. ಅಡಿಯಲ್ಲಿ ಒಣ ಸಿಪ್ಪೆಗಳೇ ಜಾಸ್ತಿ, ಅಲ್ಲೊಂದು ಇಲ್ಲೊಂದು ಕಿತ್ತಳೆ ನುಸಿ ಊಟ ಹುಡುಕುತ್ತಾ ಅಲೆಯುತ್ತಿದೆ. ಕರಿಬೇವು ಚಿಗುರಿದೆ.

ನಾಳೆಯಿಂದ ಅಜ್ಜ ದೀಪವನ್ನು 12 ಗಂಟೆಗೆ ಇಳಿಸುತ್ತಾರೆ, ಗಿಡ ಹೂವಿಗೆ ಹೋಗಬೇಕಲ್ಲ. ರಾತ್ರಿ ಹೊತ್ತು ಬೀರಿಗೆ ಒಂದು ಎಳೆ ಬೆಳಕೂ ಬೀಳಬಾರದು. ಫಿಲ್ಟರಿನ ಸಂದಿಗೆ ಕಪ್ಪು ಟೇಪ್ ಹಾಕಿದೆವು. ಒದ್ದೆ ಗೋಣಿಯನ್ನೂ ತೆಗೆಯಬೇಕು. ಹೂವು ದಪ್ಪಗಾದ ಮೇಲೆ ಇಷ್ಟು ತೇವ ಇದ್ದರೆ ಬೂಷ್ಟು ಬಂದು ಒಳಗಿಂದ ಕೊಳೆಯುತ್ತೆ. ಮುಂದಿನ ಕಾವಲಿಗೆ ಕ್ಯಾಲಿಫೋರ್ನಿಕಸ್ ಅನ್ನುವ ಇನ್ನೊಂದು ಜಾತಿಯ ನುಸಿ ಹೇಳಿದ್ದೇವೆ. ಅದಕ್ಕೆ ಒಣಗಾಳಿ ನಡೆಯುತ್ತೆ, ಬೇಟೆ ಸಿಗದಿದ್ದರೆ ಪರಾಗ ತಿಂದುಕೊಂಡು ಇರುತ್ತೆ. ಸಣ್ಣ ಸಣ್ಣ ಪೊಟ್ಟಣದಲ್ಲಿ ಬರುತ್ತೆ, ಕೊಂಬೆಗೆ ನೇತುಹಾಕಿದರೆ ಆಯಿತು. ಊಜಿ ನೊಣಕ್ಕೆ ಹುಳುಮನೆಯಲ್ಲಿ ಕಣಜ ಹುಳದ ಪೊಟ್ಟಣ ಕಟ್ಟುತ್ತಿದ್ದೆವಲ್ಲ, ಅದೇ ರೀತಿ.

12 ಗಂಟೆ ಬೆಳಕು ನನ್ನ ಕರಿಬೇವಿಗೆ ಸಾಲಲ್ಲ ಅಂದೆ. ಅಜ್ಜ ಗ್ಯಾರೇಜಿನಿಂದ ಇನ್ನೊಂದು ಎಲ್‌ಇಡಿ ಪಟ್ಟಿ, ಮುರಿದ ಪುಸ್ತಕದ ಕಪಾಟು ತಂದು ಮುಂದಿಟ್ಟಿದ್ದಾರೆ. ಮುಂದಿನ ಶನಿವಾರ ಅದಕ್ಕೂ ಬಿಳಿ ಬಣ್ಣ ಬಳಿಯಬೇಕು.