ಮೂರು ಕಾನೂನು ಇದ್ದರೆ ಮೂರು ಪಟ್ಟು ರಕ್ಷಣೆ ಅಲ್ವಾ?

ಕಾನೂನಿನ ಬಗ್ಗೆ ಮಾತಾಡಲು ಕಾಲೇಜಿಗೋ ಸಂಘದ ಸಭೆಗೋ ಹೋದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ದಲಿತರಿಗೆ ದೌರ್ಜನ್ಯ ತಡೆ ಕಾಯ್ದೆ ಇದೆ. ಹೆಣ್ಣುಮಕ್ಕಳಿಗೆ ಬೇರೆ ಕಾನೂನಿದೆ. ಅಂಗವಿಕಲರಿಗೂ ಒಂದಿದೆ. ಹಾಗಾದ್ರೆ ಈ ಮೂರೂ ಆಗಿರುವವರಿಗೆ ಮೂರು ಪಟ್ಟು ರಕ್ಷಣೆ ಸಿಗುತ್ತೆ ಅಲ್ವಾ?"

ಸಿಗುವುದಿಲ್ಲ. ಎಷ್ಟೋ ಸಲ ಒಂದು ಪಟ್ಟೂ ಪೂರ್ತಿ ಸಿಗುವುದಿಲ್ಲ.

ಯಾಕೆ ಅಂತ ಹೇಳಲು ಆಂಧ್ರಪ್ರದೇಶದ ಒಂದು ಕೇಸನ್ನು ಎತ್ತಿಕೊಳ್ಳುತ್ತೇನೆ. 2011ರ ಮಾರ್ಚ್ 31ರಂದು ಹುಟ್ಟಿನಿಂದಲೇ ಕಣ್ಣು ಕಾಣದ, ಪರಿಶಿಷ್ಟ ಜಾತಿಯ ಹೆಣ್ಣುಮಗಳೊಬ್ಬಳ ಮೇಲೆ ಅವಳ ಮನೆಯೊಳಗೇ ಅತ್ಯಾಚಾರ ನಡೆಯಿತು. ಮಾಡಿದವನು ಅವಳ ಸೋದರರ ಗೆಳೆಯ, ಆ ಮನೆಗೆ ಬಂದು ಹೋಗುತ್ತಿದ್ದವನು. ತಾಯಿ ಆಗ ಮನೆಯ ಹತ್ತಿರದ ನಲ್ಲಿಯ ಬಳಿ ಇದ್ದಳು. ಹುಡುಗಿ ಅವನನ್ನು ದನಿಯಿಂದಲೇ ಗುರುತಿಸಿದಳು. ಸೆಷನ್ಸ್ ಕೋರ್ಟು ಅತ್ಯಾಚಾರಕ್ಕೂ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 3(2)(5)ಕ್ಕೂ (ಪರಿಶಿಷ್ಟರ ಮೇಲೆ ನಡೆಯುವ ಗಂಭೀರ ಅಪರಾಧಗಳಿಗೆ ಜೀವಾವಧಿ ಶಿಕ್ಷೆ ಹೇಳುವ ಸೆಕ್ಷನ್ ಅದು) ಜೀವಾವಧಿ ಶಿಕ್ಷೆ ಕೊಟ್ಟಿತು. ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

2021ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಕಣ್ಣು ಕಾಣದವರ ಸಾಕ್ಷ್ಯ ಬೇರೆಯವರ ಸಾಕ್ಷ್ಯಕ್ಕಿಂತ ಕಡಿಮೆಯದಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಜಾತಿ, ಹೆಣ್ತನ, ಅಂಗವೈಕಲ್ಯ ಒಂದಕ್ಕೊಂದು ಹೆಣೆದುಕೊಂಡಾಗ ಆಗುವ ಅನ್ಯಾಯವೇ ಬೇರೆ ಬಗೆಯದು ಎಂದು ಪುಟಗಟ್ಟಲೆ ಬರೆದಿದೆ. ಅತ್ಯಾಚಾರದ ಜೀವಾವಧಿ ಶಿಕ್ಷೆಯೂ ಉಳಿಯಿತು. ಆದರೆ ದೌರ್ಜನ್ಯ ತಡೆ ಕಾಯ್ದೆಯ ಕೆಳಗಿನ ಶಿಕ್ಷೆ ಬಿದ್ದುಹೋಯಿತು.

ಕಾರಣ ಇಷ್ಟೇ. ಆಗಿನ ಕಾಯ್ದೆಯ ಪ್ರಕಾರ, ಬಲಿಯಾದವರು ಪರಿಶಿಷ್ಟ ಜಾತಿಯವರು ಎಂಬ ಕಾರಣಕ್ಕಾಗಿಯೇ ಅಪರಾಧ ನಡೆದಿರಬೇಕಿತ್ತು. ಅದಕ್ಕೆ ಪ್ರಾಸಿಕ್ಯೂಷನ್ ಬೇರೆ ಸಾಕ್ಷ್ಯ ಕೊಟ್ಟಿರಲಿಲ್ಲ. ಎಲ್ಲಿಂದ ಕೊಡಬೇಕು, ಹೇಳಿ? ಅವನು ಧೈರ್ಯ ಮಾಡಿದ್ದು ಅವಳಿಗೆ ಕಣ್ಣು ಕಾಣದು ಅಂತಲೋ, ಆ ಮನೆಯವರು ಪೊಲೀಸರ ಹತ್ತಿರ ಹೋದರೂ ಯಾರೂ ಕೇಳುವುದಿಲ್ಲ ಅಂತಲೋ, ಹೆಣ್ಣು ಮಾನಕ್ಕೆ ಅಂಜಿ ಬಾಯಿ ಬಿಡುವುದಿಲ್ಲ ಅಂತಲೋ? ಇವುಗಳಲ್ಲಿ ಜಾತಿಯ ಪಾಲು ಎಷ್ಟು ಅಂತ ಬಿಡಿಸಿ ತೋರಿಸಲು ಯಾರಿಗೆ ಆಗುತ್ತದೆ? ಹೀಗೆ ಬಿಡಿಬಿಡಿಯಾಗಿ ಸಾಬೀತು ಮಾಡುವುದು ಎಷ್ಟು ಕಷ್ಟ ಎಂದು ಆ ತೀರ್ಪೇ ಒಪ್ಪುತ್ತದೆ. ಒಪ್ಪಿಯೂ ಕೈಕಟ್ಟಿ ಕೂರಬೇಕಾಯಿತು. ನನಗೆ ಆ ತೀರ್ಪನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇದು ನಮ್ಮ ದೇಶದ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದಲ್ಲಿ ಐವರು ಕಪ್ಪು ಮಹಿಳೆಯರು ಜನರಲ್ ಮೋಟಾರ್ಸ್ ಮೇಲೆ ಕೇಸು ಹಾಕಿದ್ದರು. 1964ಕ್ಕೆ ಮೊದಲು ಕಂಪನಿ ಕಪ್ಪು ಮಹಿಳೆಯರನ್ನು ಕೆಲಸಕ್ಕೇ ತೆಗೆದುಕೊಂಡಿರಲಿಲ್ಲ. ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮ ಬಂದಾಗ ಅವರೇ ಹೊರಬಿದ್ದರು. 1976ರಲ್ಲಿ ಕೋರ್ಟು ಹೇಳಿದ್ದೇನು ಗೊತ್ತಾ? ಕಂಪನಿಯಲ್ಲಿ ಹೆಂಗಸರು ಮೊದಲಿಂದಲೂ ಇದ್ದಾರೆ, ಹಾಗಾಗಿ ಲಿಂಗ ತಾರತಮ್ಯ ಇಲ್ಲ. ಆ ಹೆಂಗಸರೆಲ್ಲ ಬಿಳಿಯರು ಅನ್ನುವುದು ಲೆಕ್ಕಕ್ಕೆ ಬರಲಿಲ್ಲ. ಜನಾಂಗದ ದೂರಿಗೆ ಅದೇ ಕಂಪನಿ ಮೇಲಿರುವ ಇನ್ನೊಂದು ಕೇಸನ್ನು ಸೇರಿಕೊಳ್ಳಿ ಎಂದಿತು. ಎರಡನ್ನೂ ಕೂಡಿಸಿ ನೋಡಲು ಒಪ್ಪಲಿಲ್ಲ. ಹೀಗೆ ಜೋಡಿಸುತ್ತಾ ಹೋದರೆ ಕೊನೆಯೇ ಇರುವುದಿಲ್ಲ ಅನ್ನುವುದು ಅದರ ಭಯ. ಇದೇ ಕೇಸನ್ನು ಇಟ್ಟುಕೊಂಡು 1989ರಲ್ಲಿ ಕಿಂಬರ್ಲೆ ಕ್ರೆನ್‌ಶಾ ಎಂಬ ಕಾನೂನು ಪ್ರಾಧ್ಯಾಪಕಿ ಬರೆದ ಮೇಲೆ ಜಗತ್ತು ಈ ವಿಷಯವನ್ನು 'ಇಂಟರ್‌ಸೆಕ್ಷನಾಲಿಟಿ' ಎಂದು ಕರೆಯತೊಡಗಿತು.

ಆ ಭಯವನ್ನು ಇಲ್ಲಿಯೂ ಜಾಸ್ತಿ ಕೇಳುತ್ತೇನೆ: "ಎಲ್ಲರೂ ಎರಡೆರಡು ಮೂರು ಮೂರು ಹಣೆಪಟ್ಟಿ ಹಿಡ್ಕೊಂಡು ಬಂದ್ರೆ?" ಆ ಐವರು ಹೊಸ ಹಣೆಪಟ್ಟಿ ಕೇಳಿರಲಿಲ್ಲ. ತಮ್ಮನ್ನು ಇಡಿಯಾಗಿ ನೋಡಿ ಎಂದು ಕೇಳಿದ್ದರು, ಅಷ್ಟೇ.

ನಮ್ಮ ಸಂವಿಧಾನದ 15ನೇ ವಿಧಿಯಲ್ಲೂ ಒಂದು ತೊಡಕಿದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದ ಮೇಲೆ 'ಮಾತ್ರವೇ' ಸರ್ಕಾರ ತಾರತಮ್ಯ ಮಾಡಬಾರದು ಎಂದಿದೆ. 1981ರಲ್ಲಿ ಏರ್ ಇಂಡಿಯಾದ ಗಗನಸಖಿಯರ ಕೇಸು ಬಂತು. ಅವರಿಗೆ 35ಕ್ಕೇ ನಿವೃತ್ತಿ, ಜೊತೆಗೆ ಕೆಲಸ ಮಾಡುವ ಗಂಡಸರಿಗೆ 58ಕ್ಕೆ. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಹೋಯಿತು. ಮೊದಲ ಬಸಿರಿಗೂ ಹೋಯಿತು. ಬಸಿರಿನ ನಿಯಮವನ್ನು ಕೋರ್ಟು ಹೊಡೆದುಹಾಕಿತು, ಮದುವೆಯ ನಿಯಮವನ್ನು ಉಳಿಸಿತು. ಲಿಂಗದ ಜೊತೆ ಬೇರೆ ಕಾರಣವೂ ಸೇರಿದ್ದರೆ ಅದನ್ನು 15ನೇ ವಿಧಿ ತಡೆಯುವುದಿಲ್ಲ ಎಂದಿತು. 2018ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಸೆಕ್ಷನ್ 377ರ ತೀರ್ಪಿನಲ್ಲಿ ಚಂದ್ರಚೂಡ್ ಅವರು ಈ ಓದು ತಪ್ಪು ಎಂದು ಬರೆದ ಮೇಲೆ ದಾರಿ ಸ್ವಲ್ಪ ತೆರೆದಿದೆ. ಅದೇ ವಿಧಿಯಲ್ಲಿ 'ಇವುಗಳಲ್ಲಿ ಯಾವುದೇ' ಎಂಬ ಮಾತೂ ಇದೆಯಲ್ಲ, ಒಂದಕ್ಕಿಂತ ಹೆಚ್ಚು ಕಾರಣ ಸೇರಿದರೂ ಅದು ಒಳಗೇ ಬರಬೇಕು ಅನ್ನುವುದು ನನ್ನ ವಾದ.

ಕಾನೂನಿಗೆ ಇದು ಆಗದ ಕೆಲಸವೇನೂ ಅಲ್ಲ. ಮನಸ್ಸು ಮಾಡಿದ ಕಡೆ ಆಗಿದೆ. ನಮ್ಮಲ್ಲಿ ದೇವದಾಸಿ ಬಿಡುವುದನ್ನು ತಡೆಯಲು 1982ರ ರಾಜ್ಯ ಕಾಯ್ದೆ ಇತ್ತು. ಆದರೆ ಹೀಗೆ ಬಿಡುತ್ತಿದ್ದದ್ದು ಹೆಚ್ಚಾಗಿ ದಲಿತ ಮನೆಯ ಹೆಣ್ಣುಮಕ್ಕಳನ್ನು. 2016ರಿಂದ ಪರಿಶಿಷ್ಟ ಜಾತಿ ಪಂಗಡದ ಹೆಣ್ಣನ್ನು ದೇವದಾಸಿಯಾಗಿ ಬಿಡುವುದು ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. ಜಾತಿ ಮತ್ತು ಹೆಣ್ತನ ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿದ ಕಾನೂನು ಅದು.

ಇನ್ನೊಂದು, 2021ರ ಜುಲೈನಲ್ಲಿ ಕರ್ನಾಟಕ ಮಾಡಿದ್ದು. ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ 'ಸಂಗಮ' ಸಂಸ್ಥೆ ಹೈಕೋರ್ಟಿಗೆ ಹೋದ ಮೇಲೆ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಬಂತು, ದೇಶದಲ್ಲೇ ಮೊದಲು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಅದನ್ನು ಕೊಟ್ಟ ರೀತಿ. ಸಾಮಾನ್ಯ ವರ್ಗ, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗಗಳು, ಹೀಗೆ ಪ್ರತಿಯೊಂದರ ಒಳಗೂ ಶೇ. 1. ಇವರನ್ನೆಲ್ಲ ಸುಮ್ನೆ ಒಂದು ಹಿಂದುಳಿದ ವರ್ಗದ ಪಟ್ಟಿಗೆ ಸೇರಿಸಿಬಿಟ್ಟಿದ್ದರೆ, ದಲಿತ ಕುಟುಂಬದಲ್ಲಿ ಹುಟ್ಟಿದ ಟ್ರಾನ್ಸ್ ಮಹಿಳೆ ಅರ್ಜಿಯಲ್ಲಿ ಜಾತಿ ಬಿಡಬೇಕೋ ಲಿಂಗತ್ವ ಬಿಡಬೇಕೋ ಅಂತ ಯೋಚಿಸುತ್ತಾ ಕೂರಬೇಕಿತ್ತು. ಈಗ ಎರಡನ್ನೂ ಬರೆಯಬಹುದು.

ಆದರೆ ದಿನನಿತ್ಯದ ದೂರುಗಳಲ್ಲಿ ಪರಿಸ್ಥಿತಿ ಇಷ್ಟು ಸರಿಹೋಗಿಲ್ಲ. ಬೆಂಗಳೂರಿನಲ್ಲಿ ಮನೆಗೆಲಸ ಮಾಡುವ ದಲಿತ ಮಹಿಳೆಗೆ ಯಜಮಾನನಿಂದ ಲೈಂಗಿಕ ಕಿರುಕುಳ ಆಯಿತು ಅಂದುಕೊಳ್ಳಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಕೆಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಜಾತಿ ಹೆಸರು ಹಿಡಿದು ಬೈದದ್ದಕ್ಕೆ ಪೊಲೀಸ್ ಸ್ಟೇಷನ್‌ಗೆ ಹೋಗಬೇಕು. ಬಾಕಿ ಸಂಬಳ ಕೇಳಲು ಇನ್ನೊಂದು ಕಚೇರಿ. ನಡೆದದ್ದು ಒಂದೇ ಅಡುಗೆಮನೆಯಲ್ಲಿ, ಒಂದೇ ಬೆಳಿಗ್ಗೆ. ಮೂರು ಕಡೆ ಮೂರು ಸಲ ಹೇಳುವಷ್ಟರಲ್ಲಿ ಅವಳ ಎಷ್ಟು ದಿನದ ಕೂಲಿ ಹೋಗುತ್ತದೆ ಅಂತ ಯಾವ ಕಾನೂನೂ ಲೆಕ್ಕ ಇಡುವುದಿಲ್ಲ.

ಹಾಗಾಗಿ ಯಾರಾದರೂ ದೂರು ಬರೆಸಲು ಸಹಾಯ ಕೇಳಿದರೆ ನಾನು ಒಂದನ್ನು ಒತ್ತಿ ಹೇಳುತ್ತೇನೆ. ಮೊದಲ ದೂರಿನಲ್ಲೇ ಎಲ್ಲವನ್ನೂ ಬರೆಸಿ. ಜಾತಿ ಬರೆಸಿ, ಅಂಗವೈಕಲ್ಯ ಇದ್ದರೆ ಬರೆಸಿ, ಆರೋಪಿಗೆ ಈ ಮನೆ ಎಷ್ಟು ಕಾಲದಿಂದ ಪರಿಚಯ ಅನ್ನುವುದನ್ನೂ ಬರೆಸಿ. 2016ರ ಜನವರಿ 26ರಿಂದ ಕಾಯ್ದೆ ಬದಲಾಗಿದೆ. ಸೆಕ್ಷನ್ 3(2)(5)ಕ್ಕೆ ಈಗ ಜಾತಿಯ ಕಾರಣಕ್ಕೇ ಮಾಡಿದ ಎಂದು ತೋರಿಸಬೇಕಿಲ್ಲ, ಜಾತಿ ಗೊತ್ತಿದ್ದೂ ಮಾಡಿದ ಎಂದರೆ ಸಾಕು. ಬಲಿಯಾದವರ ಅಥವಾ ಅವರ ಮನೆಯವರ ಪರಿಚಯ ಅವನಿಗೆ ಇತ್ತು ಎಂದಾದರೆ, ಗೊತ್ತಿತ್ತು ಎಂದೇ ಕೋರ್ಟು ಭಾವಿಸಬೇಕು. ಇಲ್ಲ ಎಂದು ತೋರಿಸುವ ಹೊಣೆ ಅವನದು. ಆಂಧ್ರದ ಆ ಹುಡುಗಿಗೆ ಈ ತಿದ್ದುಪಡಿ ಸಿಗಲಿಲ್ಲ, ಅಪರಾಧ ನಡೆದದ್ದು ಅದಕ್ಕೆ ಐದು ವರ್ಷ ಮೊದಲು. ಈಗ ಠಾಣೆಗೆ ಹೋಗುವವರಿಗೆ ಸಿಗುತ್ತದೆ, ಎಫ್‌ಐಆರ್‌ನಲ್ಲಿ ಆ ಸೆಕ್ಷನ್ ಹಾಕಿದ್ದಾರಾ ಅಂತ ನೋಡಿಕೊಂಡೇ ಅಲ್ಲಿಂದ ಎದ್ದು ಬನ್ನಿ.