ಕೀ ಒತ್ತಿದರೆ ಪ್ರಿಂಟರ್ ರೂಟೀನ್ ಯಾಕೆ ಓಡುತ್ತಿತ್ತು?

ಕೊನೆಗೂ ಸಿಕ್ಕಿತು! ಮೂರು ವಾರದಿಂದ ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ರಾತ್ರಿಯೆಲ್ಲ ಇದೇ ಕೆಲಸ: ನಾನೇ ಕಟ್ಟುತ್ತಿರುವ ಕಂಪ್ಯೂಟರಿನ ತಪ್ಪು ಹುಡುಕುವುದು.

8085 ಪ್ರೊಸೆಸರಿನ ಬೋರ್ಡು, ಮೆಮೊರಿ ಎಲ್ಲ ಹೋದ ತಿಂಗಳೇ ಮುಗಿದಿತ್ತು. ಕೀಬೋರ್ಡ್, ಪ್ರಿಂಟರ್‌ನಂಥವುಗಳ ಕರೆಯನ್ನು (ಇಂಟರಪ್ಟ್) ಪ್ರೊಸೆಸರಿಗೆ ಮುಟ್ಟಿಸುವ 8259 ಚಿಪ್ ಸೇರಿಸಿದ ಮೇಲೆ ಕಾಟ ಶುರುವಾಯಿತು. ಅದರ ಕರೆ ಲೈನುಗಳಲ್ಲಿ ಕೀಬೋರ್ಡ್ ಐಆರ್1ಕ್ಕೆ, ಪ್ರಿಂಟರ್ ಐಆರ್7ಕ್ಕೆ. ಕೀ ಒತ್ತಿದರೆ ಒಮ್ಮೆ ಅಕ್ಷರ ಬರುತ್ತಿತ್ತು, ಇನ್ನೊಮ್ಮೆ ಪ್ರಿಂಟರ್ ರೂಟೀನ್ (ಪ್ರಿಂಟರ್ ಕರೆದಾಗ ನಡೆಯಬೇಕಾದ ಕೋಡು) ಓಡುತ್ತಿತ್ತು. ಪ್ರಿಂಟರ್ ವೈರು ಕಿತ್ತು ಐಆರ್7 ಅನ್ನು ಗ್ರೌಂಡಿಗೆ ಕಟ್ಟಿದೆ. ಆಗಲೂ ಅದೇ!

ಮೊದಲು ಚಿಪ್ ಮೇಲೇ ಅನುಮಾನ ಬಂತು. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ಹೊಸದರ ದುಡ್ಡು ತಗೊಂಡು ಕೊಟ್ಟಿದ್ದರು. ಕಾಲುಗಳಲ್ಲಿ ನೋಡಿದರೆ ಹಳೇ ಬೆಸುಗೆ. ಇದು ಮೋಸ ಅಲ್ವಾ? ಮತ್ತೆ ದಾದರಿನಲ್ಲಿ ಗಾಡಿ ಬದಲಿಸಿ ಆ ರಸ್ತೆಗೆ ಹತ್ತಿರದ ಗ್ರ್ಯಾಂಟ್ ರೋಡ್ ಸ್ಟೇಷನ್ನಿಗೆ ಹೋಗಿ, ಬೇರೆ ಅಂಗಡಿಯಿಂದ ಇನ್ನೊಂದು ತಂದೆ. ಅದೂ ಹಾಗೇ ಮಾಡಿತು.

ಸುಳಿವು ಕೊಟ್ಟದ್ದು 8259 ಇಲ್ಲದೆ ನೇರವಾಗಿ ಕರೆ ತೆಗೆದುಕೊಳ್ಳುವ 8085ರ ಆರ್‌ಎಸ್‌ಟಿ 7.5 ಪಿನ್ನು. ಕೀಬೋರ್ಡನ್ನು ಸುಮ್ನೆ ಅದಕ್ಕೆ ಹಚ್ಚಿ ನೋಡಿದೆ. ಒಂದು ಕೀಯೂ ತಪ್ಪಲಿಲ್ಲ. ಆ ಪಿನ್ನಿಗೆ ಪ್ರೊಸೆಸರ್ ಒಳಗೇ ಫ್ಲಿಪ್-ಫ್ಲಾಪ್ ಇದೆ. ಸಿಗ್ನಲ್ ಒಮ್ಮೆ ಏರಿದರೆ ಹಿಡಿದಿಟ್ಟುಕೊಳ್ಳುತ್ತದೆ. 8259 ಹಾಗಲ್ಲ. ಎಡ್ಜ್ ಮೋಡ್‌ನಲ್ಲಿದ್ದರೂ (ಸಿಗ್ನಲ್ ಏರುವುದನ್ನೇ ಕರೆ ಎಂದು ಎಣಿಸುವ ರೀತಿ) ಮೊದಲ ಇಂಟಾ, ಅಂದರೆ ಕರೆಗೆ ಓಗೊಡುವ ಪ್ರೊಸೆಸರಿನ ಸಿಗ್ನಲ್, ಬರುವ ತನಕ ಲೈನು ಮೇಲೇ ಇರಬೇಕು. ಅಷ್ಟರಲ್ಲಿ ಇಳಿದರೆ, ಕರೆದವರು ಯಾರೆಂದು ತಿಳಿಯದೆ ಐಆರ್7ರ ವಿಳಾಸವನ್ನೇ ಕೊಡುತ್ತದೆ.

ನನ್ನ ಕೀಬೋರ್ಡಿನ ಸ್ಟ್ರೋಬ್ (ಕೀ ಒತ್ತಿದಾಗ ಬರುವ ಸಿಗ್ನಲ್) ಬರೀ 3 ಮೈಕ್ರೋಸೆಕೆಂಡು. ಕ್ರಿಸ್ಟಲ್ 6.144 ಮೆಗಾಹರ್ಟ್ಸ್, ಅಂದರೆ ಪ್ರೊಸೆಸರ್ ಒಳಗೆ ಅದರ ಅರ್ಧ, 3.072. ಒಂದು ಕಾಲ್ ಇನ್‌ಸ್ಟ್ರಕ್ಷನ್ನಿಗೆ 18 ಟಿ-ಸ್ಟೇಟ್ (ಕ್ಲಾಕಿನ ಸುತ್ತು), ಹತ್ತಿರ ಹತ್ತಿರ 5.9 ಮೈಕ್ರೋಸೆಕೆಂಡು. ಅದು ಮುಗಿಯದೆ ಇಂಟಾ ಬರುವುದಿಲ್ಲ. ಸಣ್ಣ ಇನ್‌ಸ್ಟ್ರಕ್ಷನ್ ನಡೆಯುತ್ತಿದ್ದರೆ ಅಕ್ಷರ, ಉದ್ದದ್ದಾದರೆ ಪ್ರಿಂಟರ್!

ಮದ್ದು ಒಂದು 74ಎಲ್‌ಎಸ್74, ಅಂದರೆ ಹೊರಗಿನಿಂದ ಹಾಕುವ ಫ್ಲಿಪ್-ಫ್ಲಾಪ್ ಚಿಪ್. ಸ್ಟ್ರೋಬ್ ಅದರ ಕ್ಲಾಕ್ ಪಿನ್ನಿಗೆ, ಡಿ ಪಿನ್ನು ಐದು ವೋಲ್ಟಿಗೆ, ಕ್ಯೂ ಪಿನ್ನು ಐಆರ್1ಕ್ಕೆ. ಕೀಬೋರ್ಡ್ ಪೋರ್ಟ್ ಓದುವ ಸಿಗ್ನಲ್ಲೇ ಅದನ್ನು ಕ್ಲಿಯರ್ ಮಾಡುತ್ತದೆ. ಐಆರ್7 ರೂಟೀನ್ ಶುರುವಿನಲ್ಲೂ ಕಾವಲು ಹಾಕಿದೆ: 8259ರ ಇನ್-ಸರ್ವಿಸ್ ರಿಜಿಸ್ಟರಿನ (ಯಾವ ಕರೆಯ ಕೆಲಸ ನಡೆಯುತ್ತಿದೆ ಎಂಬ ಗುರುತು) 7ನೇ ಬಿಟ್ 0 ಇದ್ದರೆ ಇಒಐ (ಕೆಲಸ ಮುಗಿಯಿತೆಂಬ ಆದೇಶ) ಕಳಿಸದೆ ವಾಪಸ್. ಇದನ್ನು ಮರೆಯಬೇಡಿ. ಸುಳ್ಳು ಕರೆಗೆ ಇಒಐ ಕಳಿಸಿದರೆ, ಅರ್ಧದಲ್ಲಿರುವ ಬೇರೆ ರೂಟೀನಿನ ಬಿಟ್ ಅಳಿಸಿಹೋಗುತ್ತದೆ.

ನಿನ್ನೆ ಎರಡು ಗಂಟೆ ಟೈಪ್ ಮಾಡಿದೆ. ಒಂದಕ್ಷರವೂ ತಪ್ಪಲಿಲ್ಲ. ಎಷ್ಟು ಖುಷಿಯಾಯಿತೆಂದರೆ ನಿದ್ದೆಯೇ ಬರಲಿಲ್ಲ.

ಅನುಮಾನಪಟ್ಟು ತಂದ ಎರಡನೇ 8259 ಈಗ ಕೈಯಲ್ಲೇ ಇದೆಯಲ್ಲ! 1984ರ ಐಬಿಎಂ ಎಟಿ ಕಂಪ್ಯೂಟರಿನಂತೆ ಎರಡನ್ನೂ ಜೋಡಿಸಿದರೆ 15 ಲೈನು. ಅಲ್ಲಿ ಸುಳ್ಳು ಕರೆ ಸ್ಲೇವ್‌ನಿಂದ (ಇನ್ನೊಂದರ ಮೂಲಕ ಕರೆ ಕಳಿಸುವ ಚಿಪ್) ಬಂದರೆ ಮಾಸ್ಟರಿಗೆ (ಪ್ರೊಸೆಸರಿಗೆ ನೇರ ಕರೆ ಮುಟ್ಟಿಸುವ ಚಿಪ್) ಮಾತ್ರ ಇಒಐ ಕಳಿಸಬೇಕು. ಆ ಕೋಡನ್ನು ಇವತ್ತು ರಾತ್ರಿಯೇ ಬರೆಯಲು ಕೂರುತ್ತೇನೆ.