ತಿರುಗಿ ನೋಡದ ಎಡೆ

ಹೋದ ಅಮಾವಾಸ್ಯೆಯ ರಾತ್ರಿ ಹಳೆಯ ಗ್ರೀಕ್ ದೇವಿ ಹೆಕಟೆಗೆ ಎಡೆ ಇಟ್ಟು ಬಂದೆ. ಮೂರು ದಾರಿ ಕೂಡುವ ಜಾಗದಲ್ಲಿ ಬುಟ್ಟಿ ಇಳಿಸಿದೆ. ಬೇಯಿಸಿದ ಮೊಟ್ಟೆ, ಬೆಳ್ಳುಳ್ಳಿ, ಜೇನು ಹಾಕಿದ ದುಂಡು ರೊಟ್ಟಿ. ಗಾಳಿಗೆ ಕೈ ಅಡ್ಡ ಹಿಡಿದು ದೀಪ ಹಚ್ಚಿದೆ. ತಾಯಿಯ ಹೆಸರನ್ನು ಮೂರು ಸಲ ಕರೆದೆ. ಎದ್ದೆ, ತಿರುಗಿದೆ, ನಡೆದೆ.

ಹಿಂತಿರುಗಿ ನೋಡಬಾರದು. ಈ ವ್ರತದಲ್ಲಿ ಕಷ್ಟದ್ದು ಅಂದರೆ ಅದೊಂದೇ.

14 ವರ್ಷದಿಂದ ತಿಂಗಳು ತಿಂಗಳೂ ಹೋಗುತ್ತಿದ್ದೇನೆ. ಆದರೂ ಎಡೆಗೆ ಬೆನ್ನು ಹಾಕಿದ ಕೂಡಲೇ ಬೆನ್ನೆಲ್ಲ ಕಣ್ಣಾಗುತ್ತದೆ. ಎರಡು ಭುಜಗಳ ನಡುವೆ ಯಾರೋ ತಣ್ಣನೆಯ ಬೆರಳು ಇಟ್ಟ ಹಾಗೆ. ದೀಪ ಆರಿತಾ? ನಾಯಿ ಬಂತಾ? ಬುಟ್ಟಿ ಉರುಳಿತಾ? ಕತ್ತು ತಾನಾಗಿ ಹೊರಳಲು ನೋಡುತ್ತದೆ. ಹಲ್ಲು ಕಚ್ಚಿ ಹೆಜ್ಜೆ ಹಾಕಬೇಕು. ಆ ಹತ್ತಿಪ್ಪತ್ತು ಹೆಜ್ಜೆ ಎಷ್ಟು ದೂರ ಅನ್ನಿಸುತ್ತದೆ ಅಂತ ಮಾಡಿದವರಿಗೇ ಗೊತ್ತು. ಆಮೇಲೆ ಬೆನ್ನು ಸಡಿಲವಾಗುತ್ತದೆ. ಅಲ್ಲಿಗೆ ಎಡೆ ನನ್ನ ಕೈ ಬಿಟ್ಟಿತು ಅಂತ ಅರ್ಥ.

ಇದನ್ನು ನನಗೆ ಕಲಿಸಿದವರು, ಹಳೆಯ ದೇವರುಗಳನ್ನು ಪೂಜಿಸುವ ನಮ್ಮ ಪುಟ್ಟ ಪೇಗನ್ ಗುಂಪಿನ ಹಿರಿಯರು. ಎಲ್ಲರೂ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆವು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರಿಲ್ಲದೆ ನಾನೊಬ್ಬಳೇ ಇಟ್ಟ ಮೊದಲ ಎಡೆ ಇದು. ಮೊದಲ ವರ್ಷ ನಾನು ಒಂದು ಒಳ್ಳೆಯ ಮಣ್ಣಿನ ತಟ್ಟೆಯಲ್ಲಿ ಎಡೆ ಇಟ್ಟು, "ಅಮ್ಮಾ, ತಟ್ಟೆ ಬೆಳಿಗ್ಗೆ ಬಂದು ತಗೊಂಡು ಹೋಗಲಾ?" ಅಂತ ಕೇಳಿದ್ದೆ. ಅವರು ಗದರಲಿಲ್ಲ. "ತಟ್ಟೆಯ ಮೇಲೆ ಆಸೆ ಇದ್ದರೆ ಎಡೆ ಇಡಬೇಡ ಮಗಳೇ" ಅಂದರು, ಅಷ್ಟೇ. ಆವತ್ತಿನಿಂದ ಬುಟ್ಟಿಯೋ ಕಾಗದದ ಪೊಟ್ಟಣವೋ, ಏನಾದರೂ ಸರಿ, ಇಟ್ಟಿದ್ದು ಇಟ್ಟ ಹಾಗೇ.

ಹೆಕಟೆಯ ಕಥೆ ಗೊತ್ತಿದ್ದವರಿಗೆ ಈ ಎಡೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪಾತಾಳದ ದೊರೆ ಪರ್ಸೆಫೊನಿಯನ್ನು ಹೊತ್ತುಕೊಂಡು ಹೋದಾಗ ಆ ಹುಡುಗಿಯ ಕೂಗು ಕೇಳಿಸಿಕೊಂಡವಳು ಇವಳು. ಪಂಜು ಹಿಡಿದು ಅವಳ ತಾಯಿ ಡಿಮೀಟರ್‌ಳನ್ನು ಹುಡುಕಿಕೊಂಡು ಬಂದವಳೂ ಇವಳೇ. ಭೂಮಿ, ಕಡಲು, ಆಕಾಶ ಮೂರರಲ್ಲೂ ಪಾಲಿರುವ ತಾಯಿ. ಆದರೂ ನಿಲ್ಲುವುದು ಬಾಗಿಲ ಹೊರಗೆ, ದಾರಿ ಸೇರುವ ಕಡೆ. ಮನೆ ಇಲ್ಲದವರು, ಹಾದಿ ತಪ್ಪಿದವರು ಮೊದಲು ಸಿಗುವುದು ಅಲ್ಲೇ ಅಲ್ವಾ.

ಹಳೆಯ ಅಥೆನ್ಸ್‌ನಲ್ಲಿ ಈ ಎಡೆಗೆ ಡೈಪ್ನಾನ್ ಅನ್ನುತ್ತಿದ್ದರು. ಊಟ ಅಂತ ಅರ್ಥ. ತಿಂಗಳ ಕೊನೆಯ ರಾತ್ರಿ ಉಳ್ಳವರು ತಂದಿಡುತ್ತಿದ್ದರು. ಬಡವರು ಎತ್ತಿಕೊಂಡು ತಿನ್ನುತ್ತಿದ್ದರು. ಇದು ನಾವು ಈಗ ಕಟ್ಟಿದ ಮಾತಲ್ಲ. ಕ್ರಿ.ಪೂ. 388ರಲ್ಲಿ ಆಡಿದ ಒಂದು ಹಾಸ್ಯ ನಾಟಕದಲ್ಲೇ ಇದರ ಪ್ರಸ್ತಾಪ ಇದೆ. ಬಡತನವೇ ಒಂದು ಪಾತ್ರವಾಗಿ ಬಂದು ವಾದಕ್ಕೆ ನಿಂತಾಗ ಇನ್ನೊಬ್ಬ ಹೇಳುತ್ತಾನೆ: ಹೋಗಿ ಹೆಕಟೆಯನ್ನೇ ಕೇಳು. ಶ್ರೀಮಂತರು ತಿಂಗಳಿಗೊಮ್ಮೆ ಊಟ ಕಳಿಸುತ್ತಾರೆ, ಕೆಳಗಿಡುವ ಮೊದಲೇ ಬಡವರು ಕಿತ್ತುಕೊಳ್ಳುತ್ತಾರೆ ಅಂತ ಅವಳೇ ಹೇಳುತ್ತಾಳೆ. ಅಮ್ಮನಿಗೆ ಈ ಭಾಗ ತುಂಬಾ ಇಷ್ಟ. "ನೋಡು, ದೇವಿ ದೂರು ಹೇಳುತ್ತಿಲ್ಲ. ಲೆಕ್ಕ ಒಪ್ಪಿಸುತ್ತಿದ್ದಾಳೆ" ಅನ್ನುತ್ತಿದ್ದರು. ದೇವರ ಪಾಲು, ಹಸಿದವನ ಪಾಲು ಅಂತ ಅಲ್ಲಿ ಎರಡು ಎಡೆ ಇರಲಿಲ್ಲ. ಒಂದೇ ಬುಟ್ಟಿ.

ಈ ಬುಟ್ಟಿಯ ನೆಪದಲ್ಲಿ ಮನಸ್ಸಿನಲ್ಲಿರುವ ಮಾತು ಹೇಳಿಬಿಡುತ್ತೇನೆ.

ಒಂದು ಚಳಿಗಾಲ ನನಗೆ ಕೆಲಸ ಇರಲಿಲ್ಲ. ಊಟ ಕೊಡುವ ಒಂದು ಸಂಸ್ಥೆಯ ಬಾಗಿಲಲ್ಲಿ ಸಾಲಿಗೆ ನಿಂತೆ. ಒಳಗೆ ಕೂರಿಸಿದರು. ಬಿಸಿ ಸೂಪಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮೊದಲು ಉಪದೇಶ, ಆಮೇಲೆ ಪ್ರಾರ್ಥನೆ, ಆಮೇಲೆ ಊಟ. ಕತ್ತಿನಲ್ಲಿದ್ದ ನನ್ನ ಪದಕವನ್ನು ನೋಡಿ, ಅದನ್ನು ತೆಗೆದಿಟ್ಟು ಬರಬಹುದಲ್ಲ ಅಂತ ಒಬ್ಬರು ಮೆಲ್ಲಗೆ ಹೇಳಿದರು. ಕೆಟ್ಟವರಲ್ಲ ಅವರು. ನಿಜವಾಗಿಯೂ ನನ್ನ ಒಳ್ಳೆಯದಕ್ಕೇ ಹೇಳಿದರು. ಪದಕ ತೆಗೆದು ಜೇಬಿನಲ್ಲಿ ಇಟ್ಟುಕೊಂಡೆ. ಸೂಪು ಕುಡಿದೆ. ಇವತ್ತಿಗೂ ಆ ಸೂಪಿಗೆ ಋಣಿ. ಇವತ್ತಿಗೂ ಆ ಜೇಬು ಭಾರ ಅನ್ನಿಸುತ್ತದೆ.

ಕೊಟ್ಟವರು ತಿರುಗಿ ನೋಡಿದರೆ ತೆಗೆದುಕೊಂಡವರಿಗೆ ಆಗುವುದು ಇದೇ. ಇವನು ಯಾರು, ಯಾವ ದೇವರವನು, ಯೋಗ್ಯನಾ, ನಾಳೆ ನಮ್ಮ ಕಡೆ ಬರುತ್ತಾನಾ ಅಂತ ನೋಡುವ ಕಣ್ಣು ಅನ್ನದ ರುಚಿಯನ್ನೇ ಕೆಡಿಸಿಬಿಡುತ್ತದೆ. ಹಳೆಯ ಕಥೆಯಲ್ಲಿ ಫಿಲೆಮೊನ್ ಮತ್ತು ಬಾಸಿಸ್ ಎಂಬ ಮುದುಕ ಮುದುಕಿಯ ಗುಡಿಸಲಿಗೆ ದೇವರಾಜ ಜ್ಯೂಸ್ ಮತ್ತು ಅವನ ದೂತ ಹರ್ಮಿಸ್ ಮನುಷ್ಯರ ವೇಷದಲ್ಲಿ ಬಂದಾಗ ಅವರು ಒಂದಾದರೂ ಪ್ರಶ್ನೆ ಕೇಳಿದರಾ? ಕುಂಟುವ ಮೇಜಿನ ಕಾಲಿಗೆ ಮಡಕೆಯ ಚೂರು ಕೊಟ್ಟರು, ಇದ್ದುದನ್ನು ಬಡಿಸಿದರು. ಇದ್ದ ಒಂದೇ ಹೆಬ್ಬಾತನ್ನೂ ಕೊಯ್ಯಲು ಹೊರಟರು. ಬಂದವರು ದೇವರು ಅಂತ ಗೊತ್ತಾಗಿದ್ದು ಬಡಿಸಿದ ಮೇಲೆ.

ನಮ್ಮವರು ಯಾವಾಗಲೂ ಹೀಗೇ ಇದ್ದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಹಳೆಯ ಗ್ರೀಕ್ ಊರುಗಳ, ರೋಮಿನ ಸಿರಿವಂತರು ಕೊಟ್ಟಿದ್ದನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡರು. ಸ್ನಾನಗೃಹ, ರಂಗಮಂದಿರ, ಹಬ್ಬದೂಟ, ಎಲ್ಲದರ ಮೇಲೂ ಹೆಸರು. ರೋಮಿನ ಜ್ಯೂಲಿಯನ್ ಚಕ್ರವರ್ತಿಯನ್ನೇ ತೆಗೆದುಕೊಳ್ಳಿ. ಕ್ರಿ.ಶ. 361ರಿಂದ 363ರವರೆಗೆ ಆಳಿದ, ನಮ್ಮ ದೇವರುಗಳನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟವನು. ಗಲಾಟಿಯಾ ಪ್ರಾಂತ್ಯದ ಮುಖ್ಯ ಅರ್ಚಕನಿಗೆ ಬರೆದಿದ್ದು ಅಂತ ಅವನ ಹೆಸರಿನಲ್ಲಿ ಒಂದು ಪತ್ರ ಉಳಿದಿದೆ. ಊರೂರಿನಲ್ಲೂ ಪರದೇಶಿಗಳಿಗೆ ತಂಗುವ ಮನೆ ಕಟ್ಟಿಸು, ಅದು ನಮ್ಮವರಿಗೆ ಮಾತ್ರ ಅಲ್ಲ, ಯಾರಿಗೆ ಬೇಕೋ ಅವರಿಗೆಲ್ಲ ಅಂತ ಅದರಲ್ಲಿ ಇದೆ. ವರ್ಷಕ್ಕೆ 30,000 ಮೋಡಿಯಸ್ (ಆಗಿನ ರೋಮಿನ ಅಳತೆ) ಧಾನ್ಯ ಕೊಡಿಸುತ್ತೇನೆ ಅಂತಲೂ ಇದೆ. ಪರದೇಶಿಗಳು, ಭಿಕ್ಷುಕರು ಎಲ್ಲರೂ ಜ್ಯೂಸ್ ಕಳಿಸಿದವರು ಎಂಬ ಹೋಮರನ ಮಾತನ್ನೂ ನೆನಪಿಸುತ್ತಾನೆ. ಓದಿದರೆ ಕಣ್ಣು ತುಂಬುತ್ತದೆ.

ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಕ್ರೈಸ್ತರು ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆಯಲ್ಲವಾ ಅಂತ. ಕ್ರೈಸ್ತರ ಬಗ್ಗೆ ಅದು ದೊಡ್ಡ ಮೆಚ್ಚುಗೆಯೇ, ನಾನೂ ತಲೆಬಾಗುತ್ತೇನೆ. ನನಗೆ ಬೇಸರ ಆಗುವುದು ಜ್ಯೂಲಿಯನ್ ಬಗ್ಗೆ. ಅನ್ನ ಹಾಕುವಾಗಲೂ ಅವನ ಕಣ್ಣು ಪಕ್ಕದವರ ಪಂಕ್ತಿಯ ಮೇಲಿತ್ತು. 362ರಲ್ಲಿ ಕ್ರೈಸ್ತ ಮೇಷ್ಟ್ರುಗಳು ಹಳೆಯ ಕಾವ್ಯಗಳನ್ನು ಪಾಠ ಮಾಡದ ಹಾಗೆ ಮಾಡಿದವನೂ ಅವನೇ. ಅಮ್ಮಿಯಾನಸ್ ಎಂಬ ಇತಿಹಾಸಕಾರ ಜ್ಯೂಲಿಯನ್‌ನನ್ನು ಮೆಚ್ಚಿದವನು, ತಾನೂ ಹಳೆಯ ದೇವರುಗಳನ್ನು ನಂಬಿದವನು. ಅವನೇ ಈ ಆಜ್ಞೆಯನ್ನು ಕ್ರೂರ ಅಂದ, ಇದನ್ನು ಮೌನದಲ್ಲಿ ಹೂತುಬಿಡಬೇಕು ಎಂದು ಬರೆದ. ನಮ್ಮವನ ತಪ್ಪನ್ನು ನಮ್ಮವನೇ ಹೇಳಿದ. ಆ ಧೈರ್ಯಕ್ಕೆ ನಾನು ಇವತ್ತೂ ದೀಪ ಹಚ್ಚುತ್ತೇನೆ.

ಅಧಿಕಾರ ಕೈಗೆ ಬಂದಾಗ ಯಾವ ದೇವರ ಮಕ್ಕಳಿಗೂ ಕತ್ತು ಹೊರಳುತ್ತದೆ, ನಮಗೂ ಹೊರಳಿತ್ತು. ಅದಕ್ಕೇ ಸರ್ಕಾರದ ಸಭೆಯಲ್ಲಿ ದೇವರ ಹೆಸರು ಬಂದರೆ ನನಗೆ ಭಯ, ಅದು ನಮ್ಮ ದೇವರ ಹೆಸರಾದರೂ ಸರಿ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಗ್ರೀಸ್ ಅಂತಲೇ ಒಂದು ಪಟ್ಟಣ ಇದೆ. 1999ರಿಂದ ಅಲ್ಲಿ ಪ್ರತಿ ತಿಂಗಳ ಸಭೆ ಪ್ರಾರ್ಥನೆಯಿಂದ ಶುರು. ಬಹಳ ವರ್ಷ ಕ್ರೈಸ್ತ ಪ್ರಾರ್ಥನೆ ಮಾತ್ರ. ದೂರು ಬಂದ ಮೇಲೆ 2008ರಲ್ಲಿ ಬೇರೆಯವರಿಗೂ ಅವಕಾಶ ಸಿಕ್ಕಿತು. ವಿಕ್ಕಾ ಎಂಬ ಪೇಗನ್ ಪಂಥದ ಒಬ್ಬ ಅರ್ಚಕಿ ಎದ್ದು ನಿಂತು ಗ್ರೀಕ್ ದೇವರುಗಳಾದ ಅಥೀನಾ ಮತ್ತು ಅಪೊಲೊ ಹೆಸರು ಹೇಳಿದರು. ಆ ಸುದ್ದಿ ಓದಿ ನಾನು ಅತ್ತುಬಿಟ್ಟಿದ್ದೆ. ಸರ್ಕಾರದ ಸಭೆಯಲ್ಲಿ ಅಥೀನಾಳ ಹೆಸರು! ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2014ರಲ್ಲಿ 5-4 ಬಹುಮತದಿಂದ ಪ್ರಾರ್ಥನೆ ಉಳಿಯಿತು.

ಖುಷಿಯಿಂದ ಅಮ್ಮನ ಬಳಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಕೋಣೆಯಲ್ಲಿ ಚರಂಡಿ ಸರಿ ಮಾಡಿಸಿ ಅಂತ ಕೇಳಲು ಬಂದವರೂ ಕೂತಿರುತ್ತಾರೆ. ನಮ್ಮ ದೇವರಿಗೆ ತಲೆಬಾಗದೆ ಕೂತರೆ ಕೆಲಸ ಆಗುತ್ತೋ ಇಲ್ಲವೋ ಅಂತ ಅವರು ಹೆದರಬೇಕಾ?" ಅಂದರು. ನನಗೆ ಮಾತೇ ಬರಲಿಲ್ಲ. ಜೇಬಿನಲ್ಲಿಟ್ಟ ಪದಕ ನೆನಪಾಯಿತು.

ಹಾಗಂತ ಧರ್ಮ ಮನೆಯ ನಾಲ್ಕು ಗೋಡೆಯೊಳಗೇ ಇರಲಿ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಒಲೆಯ ದೇವಿ ಹೆಸ್ಟಿಯಾಳ ಒಲೆ ಮನೆಯಲ್ಲಿ ಮಾತ್ರ ಉರಿದದ್ದಲ್ಲ. ಊರಿನ ಪ್ರೈಟಾನಿಯಂನಲ್ಲಿ, ಎಲ್ಲರಿಗೂ ಸೇರಿದ ಕಟ್ಟಡದಲ್ಲಿ, ಅವಳ ಬೆಂಕಿ ಆರದೆ ಉರಿಯುತ್ತಿತ್ತು. ಊರಿಗೆ ಬಂದ ಅತಿಥಿಗಳಿಗೆ ಊಟ ಬಡಿಸುತ್ತಿದ್ದುದು ಅಲ್ಲೇ. ನನಗೆ ಅಂಥ ಧರ್ಮ ಬೀದಿಗೆ ಬರಲಿ ಅಂತ ಆಸೆ. ಬೆಂಕಿಯಾಗಿ ಬರಲಿ, ತಟ್ಟೆಯಾಗಿ ಬರಲಿ. ಮೈಕಾಗಿ ಬೇಡ.

ಜಾಗ ಕೇಳಲೇಬೇಕಾದ ಕಡೆ ಕೇಳಲೇಬೇಕು, ಅದನ್ನೂ ಅಮ್ಮನೇ ಹೇಳಿಕೊಟ್ಟರು. 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಒಬ್ಬ ವಿಕ್ಕಾ ಸೈನಿಕ ಸತ್ತ. ಅವನ ಸ್ಮಾರಕದ ಮೇಲೆ ಐದು ಮೂಲೆಯ ನಕ್ಷತ್ರ ಹಾಕಲು ಅಮೆರಿಕ ಸರ್ಕಾರ ಒಪ್ಪಲಿಲ್ಲ. ಕೋರ್ಟಿಗೆ ಹೋಗಬೇಕಾಯಿತು. 2007ರಲ್ಲಿ ಒಪ್ಪಿಗೆ ಸಿಕ್ಕಿತು. ಸತ್ತವನಿಗೆ ಅವನ ಗುರುತು ಕೊಡುವುದು ಯಾರ ಮೇಲೂ ದೇವರನ್ನು ಹೇರಿದ ಹಾಗಲ್ಲ.

ಇನ್ನು ದಾನಕ್ಕೆ ಸರ್ಕಾರದ ದುಡ್ಡು. 1999ರಲ್ಲಿ ಟೆಕ್ಸಾಸ್‌ನ ಫೋರ್ಟ್ ಹುಡ್ ಸೇನಾ ನೆಲೆಯಲ್ಲಿ ವಿಕ್ಕಾ ಸೈನಿಕರು ಪೂಜೆ ಮಾಡುತ್ತಾರೆ ಅಂತ ಗಲಾಟೆ ಎದ್ದಿತು. ಆಗ ಆ ರಾಜ್ಯದ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯೂ. ಬುಷ್, ಅದೊಂದು ಧರ್ಮ ಅಂತ ತಮಗೆ ಅನ್ನಿಸುವುದಿಲ್ಲ ಎಂದರು. 2001ರಲ್ಲಿ ಅಧ್ಯಕ್ಷರಾದ ಕೂಡಲೇ ಅವರೇ ಧಾರ್ಮಿಕ ಸಂಸ್ಥೆಗಳ ಸೇವೆಗೆ ಸರ್ಕಾರದ ನೆರವು ಸಿಗಲಿ ಅಂತ ಶ್ವೇತಭವನದಲ್ಲಿ ಕಚೇರಿ ತೆರೆದರು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಯಾವುದು ಧರ್ಮ, ಯಾವುದು ಅಲ್ಲ ಅಂತ ದುಡ್ಡಿನ ಚೀಲ ಹಿಡಿದವರು ತೀರ್ಮಾನ ಮಾಡುವ ಹಾಗಾದರೆ ಎಡೆ ಯಾರ ಕೈಯಲ್ಲಿ ಉಳಿಯಿತು? ನನ್ನ ಬುಟ್ಟಿಗೆ ನನ್ನ ಸಂಪಾದನೆಯ ರೊಟ್ಟಿಯೇ ಸಾಕು.

ನಮ್ಮವರ ಬಗ್ಗೆಯೂ ಒಂದು ಮಾತು. ಹಬ್ಬಗಳು ಜೋರಾಗುತ್ತಿವೆ, ವೇದಿಕೆಯ ಅಲಂಕಾರ ಜಾಸ್ತಿಯಾಗುತ್ತಿದೆ. ಎಡೆ ಇಟ್ಟು, ಬಗ್ಗಿ, ನಾಲ್ಕು ಕಡೆಯಿಂದ ಫೋಟೋ ತೆಗೆದು ಎಲ್ಲರಿಗೂ ಕಳಿಸುವುದನ್ನು ನೋಡುತ್ತೇನೆ. ಫೋಟೋ ಅಂದರೆ ತಿರುಗಿ ನೋಡಿದ ಹಾಗೇ ಅಲ್ವಾ? ಅಮ್ಮ ಇದ್ದಿದ್ದರೆ ಏನೂ ಹೇಳುತ್ತಿರಲಿಲ್ಲ, ದೀಪದ ಬತ್ತಿ ಸರಿ ಮಾಡುತ್ತಾ ಕೂತಿರುತ್ತಿದ್ದರು. ನನಗೆ ಅಷ್ಟು ತಾಳ್ಮೆ ಇಲ್ಲ, ಹೇಳಿಬಿಡುತ್ತೇನೆ. ಒಳ್ಳೆಯದೂ ನಡೆಯುತ್ತಿದೆ. ಪೇಗನ್ ಪ್ರೈಡ್ ಡೇ ಎಂಬ ನಮ್ಮವರ ಸಾರ್ವಜನಿಕ ಹಬ್ಬವನ್ನು ಎಲ್ಲಿ ನಡೆಸಿದರೂ ಹಸಿದವರಿಗೋ ಬೇರೆ ಸೇವೆಗೋ ಏನಾದರೂ ಸಂಗ್ರಹಿಸಲೇಬೇಕು ಎಂಬ ನಿಯಮ ಇದೆ. ಅಮಾವಾಸ್ಯೆ ಬಂತೆಂದರೆ ಆಹಾರ ಭಂಡಾರಕ್ಕೆ ಚೀಲ ತುಂಬಿ ಕೊಟ್ಟು, ಅದನ್ನೇ ಹೆಕಟೆಯ ಎಡೆ ಅಂದುಕೊಳ್ಳುವ ಭಕ್ತರು ಈಗ ಎಷ್ಟೋ ಜನ. ನಾನೂ ದೊಡ್ಡ ಚೀಲವನ್ನು ಅಲ್ಲಿಗೇ ಕೊಡುತ್ತೇನೆ. ಹೆಸರು ಬರೆಸುವುದಿಲ್ಲ. ಚಿಕ್ಕ ಬುಟ್ಟಿ ಮಾತ್ರ ದಾರಿಗೆ.

ಹೋದ ಅಮಾವಾಸ್ಯೆಗೆ ಅದನ್ನೇ ಇಟ್ಟು ನಡೆದಿದ್ದೆ. ಐದಾರು ಹೆಜ್ಜೆ ಆಗಿತ್ತು, ಅಷ್ಟೇ. ಬೆನ್ನು ಎಂದಿನ ಹಾಗೆ ತಣ್ಣಗೆ ಬಿಗಿದಿತ್ತು. ಪಕ್ಕದಲ್ಲಿ ಅಮ್ಮನ ಹೆಜ್ಜೆಯ ಸದ್ದಿಲ್ಲ. ಆವತ್ತು ಯಾಕೋ ನೋಡಲೇಬೇಕು ಅನ್ನಿಸಿತು. ತಾಯಿಗೆ ಮುಟ್ಟಿತಾ ಅಂತ ಹೇಳುವವರು ಇನ್ನು ಯಾರು?

ಆಗ ಹಿಂದಿನಿಂದ ಒಂದು ಸದ್ದು. ಬುಟ್ಟಿ ಸರಿದ ಹಾಗೆ. ಯಾರೋ ಮೆಲ್ಲಗೆ ಕೆಮ್ಮಿದರು. ಆಮೇಲೆ ಟಕ್, ಟಕ್ ಅಂತ ಎರಡು ಸಲ. ಬೇಯಿಸಿದ ಮೊಟ್ಟೆಯನ್ನು ಕಲ್ಲಿಗೆ ತಟ್ಟಿ ಒಡೆಯುವ ಸದ್ದು.

ಬೆನ್ನು ಬೆಚ್ಚಗಾಯಿತು. ಅಳುತ್ತಲೇ ಮನೆಯವರೆಗೂ ನಡೆದೆ, ತಿರುಗಲಿಲ್ಲ.